ಬರ್ಗಂಡಿಯಲ್ಲಿ ಒಂದು ದಿನ: ಮೊದಲು ಹೊಲ ನೋಡಿ, ಆಮೇಲೆ ವೈನ್ ಕುಡಿಯಿರಿ

ನಮ್ಮ ಕಡೆ ಪ್ರತಿ ಹೊಲಕ್ಕೂ ಒಂದು ಹೆಸರಿರುತ್ತದೆ. ಮಡ್ಡಿ ಹೊಲ, ಎರೆ ಹೊಲ, ಬಾವಿ ಹೊಲ, ಹುಣಸೆಮರದ ಹೊಲ. ಸರ್ವೆ ನಂಬರ್ ಇರುವುದು ಪಹಣಿಯಲ್ಲಿ, ಮನೆಯಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ಮಡ್ಡಿಯ ಜೋಳದ ರೊಟ್ಟಿಯ ರುಚಿ ಬೇರೆ, ಎರೆಯ ಜೋಳದ ರೊಟ್ಟಿಯ ರುಚಿ ಬೇರೆ ಅಂತ ಅಜ್ಜಿ ಹೇಳಿದರೆ ಅದಕ್ಕೆ ಎದುರು ಮಾತೇ ಇರುತ್ತಿರಲಿಲ್ಲ. ಇಷ್ಟು ಗೊತ್ತಿದ್ದವರಿಗೆ ಫ್ರಾನ್ಸಿನ ಬರ್ಗಂಡಿಯ ವೈನ್ ಆಗಲೇ ಅರ್ಧ ಅರ್ಥವಾಗಿದೆ ಅಂತಲೇ ನಾನು ಹೇಳುವುದು. ಅಲ್ಲಿಯೂ ಹೊಲಕ್ಕೊಂದು ಹೆಸರು. ಆ ಹೆಸರನ್ನು ಅವರು ಬಾಟಲಿಯ ಮೇಲೆ ಬರೆಯುತ್ತಾರೆ, ಬೆಲೆ ಕಟ್ಟುವುದೂ ಅದರ ಮೇಲೆಯೇ.

ಬರ್ಗಂಡಿಗೆ ಹೋದ ಬಹಳ ಜನ ಗೊಂದಲದಲ್ಲೇ ವಾಪಸ್ ಬರುತ್ತಾರೆ. ವೈನ್ ಇಡುವ ಐದಾರು ನೆಲಮಾಳಿಗೆ ಸುತ್ತುತ್ತಾರೆ, ಇಪ್ಪತ್ತು ಲೋಟ ರುಚಿ ನೋಡುತ್ತಾರೆ, ಸಂಜೆಗೆ ಎಲ್ಲ ಒಂದೇ ಥರ ಅನಿಸಿರುತ್ತದೆ. ನನ್ನ ಮೊದಲ ಭೇಟಿಯೂ ಹೀಗೇ ಆಯಿತು. ಎರಡನೇ ಸಲ ಹೋದಾಗ ಬೆಳಿಗ್ಗೆ ಪೂರ್ತಿ ಹೊಲಗಳ ನಡುವೆ ನಡೆದೆ, ಮಧ್ಯಾಹ್ನದ ನಂತರ ಒಂದೇ ಒಂದು ಕಡೆ ಕುಳಿತು ಆರು ಲೋಟ ರುಚಿ ನೋಡಿದೆ. ಅವತ್ತು ಎಲ್ಲ ತಿಳಿಯಾಯಿತು. ಆ ಒಂದು ದಿನವನ್ನು ಹೇಗೆ ಕಳೆಯಬೇಕು, ಲೋಟದಲ್ಲಿ ಇರುವುದು ಏನು ಅಂತ ಇಲ್ಲಿ ಹೇಳುತ್ತೇನೆ.

ಲೇಬಲ್ಲಿನಲ್ಲಿ ದ್ರಾಕ್ಷಿಯ ಹೆಸರು ಯಾಕಿಲ್ಲ?

ಮೊದಲು ಸುಲಭದ ವಿಷಯ. ಬರ್ಗಂಡಿಯ ಕೆಂಪು ವೈನ್ ಹೆಚ್ಚುಕಡಿಮೆ ಎಲ್ಲವೂ ಪಿನೋ ನ್ವಾರ್ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಆಗುತ್ತದೆ. ಬಿಳಿ ವೈನಿಗೆ ಶಾರ್ಡನೇ. ಅಲಿಗೋಟೆ ಎಂಬ ಬಿಳಿ ದ್ರಾಕ್ಷಿಯೂ ಇದೆ, ಗಮೇ ಎಂಬ ಕೆಂಪು ದ್ರಾಕ್ಷಿಯೂ ಅಲ್ಲಲ್ಲಿ ಸಿಗುತ್ತದೆ. ಈ ಗಮೇಯನ್ನು 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನ ಸೀಮೆಯಿಂದ ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಇಳುವರಿ ಜಾಸ್ತಿ, ರುಚಿ ಕಡಿಮೆ ಅನ್ನುವುದು ಅವನ ದೂರು.

ಅಂದರೆ ಎಲ್ಲರ ಹತ್ತಿರವೂ ಅದೇ ಎರಡು ದ್ರಾಕ್ಷಿ. ಹಾಗಿದ್ದ ಮೇಲೆ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರು ಬರೆದು ಏನು ಪ್ರಯೋಜನ? ಅದಕ್ಕೇ ಅವರು ಜಾಗದ ಹೆಸರು ಬರೆಯುತ್ತಾರೆ. ಇದೇ ಎಲ್ಲದರ ಬುಡ. ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬೋರ್ಡೋದಲ್ಲಿ 1855ರ ಪಟ್ಟಿ ದರ್ಜೆ ಕೊಟ್ಟಿದ್ದು ಎಸ್ಟೇಟುಗಳಿಗೆ. ಬರ್ಗಂಡಿಯಲ್ಲಿ ದರ್ಜೆ ಮಣ್ಣಿಗೆ. ಮಾಲೀಕ ಬದಲಾದರೂ ಹೊಲದ ದರ್ಜೆ ಬದಲಾಗುವುದಿಲ್ಲ.

ದರ್ಜೆ ನಾಲ್ಕು. ಕೆಳಗಿನದು ಇಡೀ ಸೀಮೆಯ ಹೆಸರಿನ ವೈನ್, ಲೇಬಲ್ಲಿನಲ್ಲಿ ಸುಮ್ನೆ 'ಬುರ್ಗೋನ್' ಅಂತ ಇರುತ್ತದೆ. ಬುರ್ಗೋನ್ ಅಂದರೆ ಫ್ರೆಂಚಿನಲ್ಲಿ ಬರ್ಗಂಡಿ. ಒಟ್ಟು ವೈನಿನಲ್ಲಿ ಅರ್ಧದಷ್ಟು ಇದೇ. ಅದರ ಮೇಲೆ ಊರಿನ ಹೆಸರಿನದು: ಪೊಮಾರ್, ವೊಲ್ನೇ, ಮರ್ಸೋ ಹೀಗೆ. ಅದರ ಮೇಲೆ ಪ್ರೆಮಿಯೇ ಕ್ರೂ, ಅಂದರೆ ಊರಿನೊಳಗೆ ಒಳ್ಳೆಯದು ಅಂತ ಗುರುತಿಸಿದ ಹೊಲ. ಇದರಲ್ಲಿ ಊರಿನ ಹೆಸರಿನ ಜೊತೆಗೆ ಹೊಲದ ಹೆಸರೂ ಬರುತ್ತದೆ. ಇದು ಸುಮಾರು ಶೇಕಡಾ 10 ಇದ್ದೀತು. ಎಲ್ಲಕ್ಕಿಂತ ಮೇಲೆ ಗ್ರಾಂ ಕ್ರೂ. ಇಡೀ ಬರ್ಗಂಡಿಯಲ್ಲಿ ಇಂಥವು 33 ಇವೆ, ಒಟ್ಟು ವೈನಿನಲ್ಲಿ ಇವುಗಳ ಪಾಲು ಶೇಕಡಾ ಒಂದರ ಆಸುಪಾಸು. ಗ್ರಾಂ ಕ್ರೂ ಬಾಟಲಿಯ ಮೇಲೆ ಸಾಮಾನ್ಯವಾಗಿ ಊರಿನ ಹೆಸರೂ ಇರುವುದಿಲ್ಲ, ಹೊಲದ ಹೆಸರೊಂದೇ.

ಎಲ್ಲರೂ ಎಡವುವುದು ಇಲ್ಲೇ. ಜೆವ್ರೇ ಎಂಬ ಊರಿತ್ತು. ಆ ಊರಿನ ಅತ್ಯಂತ ಹೆಸರಾದ ಹೊಲ ಶಾಂಬರ್ತಾಂ. 1847ರಲ್ಲಿ ಊರಿನವರು ಆ ಹೊಲದ ಹೆಸರನ್ನು ಊರಿನ ಹೆಸರಿಗೇ ಸೇರಿಸಿಕೊಂಡು ಜೆವ್ರೇ-ಶಾಂಬರ್ತಾಂ ಆದರು. ಹೊಲದ ಕೀರ್ತಿ ಊರಿಗೂ ಬರಲಿ ಅಂತ. ಇದನ್ನು ನೋಡಿ ಬೇರೆ ಊರುಗಳೂ ಹಾಗೇ ಮಾಡಿದವು. ಮೋಂರಾಶೇ ಎಂಬ ಬಿಳಿ ವೈನಿನ ಹೊಲ ಇರುವುದು ಸುಮಾರು 20 ಎಕರೆ, ಅದು ಎರಡು ಊರುಗಳ ಗಡಿಯಲ್ಲಿದೆ. ಪುಲಿನ್ಯಿ, ಶಾಸಾನ್ಯ್ ಎರಡೂ ಊರಿನವರು ಆ ಹೆಸರನ್ನು ತಮ್ಮ ಊರಿಗೆ ಅಂಟಿಸಿಕೊಂಡರು. ಹಾಗಾಗಿ ಬಾಟಲಿಯ ಮೇಲೆ 'ಪುಲಿನ್ಯಿ-ಮೋಂರಾಶೇ' ಅಂತಿದ್ದರೆ ಅದು ಊರಿನ ವೈನ್, ಬರೀ 'ಮೋಂರಾಶೇ' ಅಂತಿದ್ದರೆ ಗ್ರಾಂ ಕ್ರೂ. ಹೆಸರು ಉದ್ದವಾದಷ್ಟೂ ದೊಡ್ಡ ವೈನ್ ಅಂದುಕೊಂಡರೆ ಇಲ್ಲಿ ಲೆಕ್ಕ ತಪ್ಪುತ್ತದೆ.

ಇಷ್ಟು ಸಣ್ಣ ತುಂಡುಗಳು ಹೇಗಾದವು?

ಬರ್ಗಂಡಿಯ ಮುಖ್ಯ ಭಾಗಕ್ಕೆ ಕೋತ್ ದೋರ್ ಅಂತ ಹೆಸರು. ದಿಜೋಂ ನಗರದಿಂದ ದಕ್ಷಿಣಕ್ಕೆ ಸಾಂತ್ನೇವರೆಗೆ ಸುಮಾರು 60 ಕಿಲೋಮೀಟರ್ ಉದ್ದದ ಒಂದು ಗುಡ್ಡಸಾಲು. ಅದರ ಪೂರ್ವದ ಇಳಿಜಾರಿನಲ್ಲಿ ದ್ರಾಕ್ಷಿ. ಪಟ್ಟಿಯ ಅಗಲ ಕೆಲವು ಕಡೆ ಒಂದು ಕಿಲೋಮೀಟರೂ ಇಲ್ಲ. ಇಷ್ಟೇ ಜಾಗದಲ್ಲಿ 1,247 ಹೆಸರಿರುವ ಹೊಲಗಳಿವೆ. ಇವುಗಳಿಗೆ ಅಲ್ಲಿನ ಮಾತಿನಲ್ಲಿ 'ಕ್ಲಿಮಾ' ಅನ್ನುತ್ತಾರೆ. 2015ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕೋಟೆಯನ್ನೋ ಗುಡಿಯನ್ನೋ ಸೇರಿಸುವ ಹಾಗೆ ಹೊಲದ ಬದುಗಳನ್ನು ಸೇರಿಸಿದರು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಇದರ ಹಿಂದೆ ದೊಡ್ಡ ಕೆಲಸ ಮಾಡಿದವರು ಕ್ರೈಸ್ತ ಸನ್ಯಾಸಿಗಳು. 1098ರಲ್ಲಿ ಇದೇ ಸೀಮೆಯಲ್ಲಿ ಸೀತೋ ಎಂಬ ಮಠ ಶುರುವಾಯಿತು. ಮಠಕ್ಕೆ ಜನ ಜಮೀನು ದಾನ ಕೊಟ್ಟರು. ಸನ್ಯಾಸಿಗಳಿಗೆ ಅವಸರ ಇರಲಿಲ್ಲ. ತಲೆಮಾರುಗಟ್ಟಲೆ ಅದೇ ಇಳಿಜಾರಿನಲ್ಲಿ ದುಡಿದು, ಯಾವ ತುಂಡಿನ ದ್ರಾಕ್ಷಿ ಬೇಗ ಹಣ್ಣಾಗುತ್ತದೆ, ಎಲ್ಲಿ ಹಿಮ ಕೂರುತ್ತದೆ, ಯಾವುದರ ವೈನ್ ಚೆನ್ನಾಗಿರುತ್ತದೆ ಅಂತ ನೋಡಿ, ಬೇರೆ ಬೇರೆಯಾಗಿ ಗುರುತಿಟ್ಟುಕೊಂಡರು. ಕೆಲವು ತೋಟಗಳಿಗೆ ಕಲ್ಲಿನ ಗೋಡೆ ಕಟ್ಟಿದರು. ಗೋಡೆ ಕಟ್ಟಿದ ತೋಟಕ್ಕೆ 'ಕ್ಲೋ' ಅನ್ನುತ್ತಾರೆ. ಅಂಥದ್ದರಲ್ಲಿ ದೊಡ್ಡ ಹೆಸರು ಕ್ಲೋ ದ ವೂಜೋ. ಸುಮಾರು 125 ಎಕರೆಯ ತೋಟ, ಗೋಡೆ ಇವತ್ತಿಗೂ ನಿಂತಿದೆ.

ಆಮೇಲೆ 1789ರ ಫ್ರೆಂಚ್ ಕ್ರಾಂತಿ ಬಂತು. ಮಠಗಳ ಜಮೀನನ್ನು ಸರ್ಕಾರ ಕಿತ್ತುಕೊಂಡು ಮಾರಿತು. ಅದಾದ ಸ್ವಲ್ಪ ಕಾಲಕ್ಕೆ ಹೊಸ ಕಾನೂನು ಬಂದು ಅಪ್ಪನ ಆಸ್ತಿ ಎಲ್ಲ ಮಕ್ಕಳಿಗೂ ಸಮ ಪಾಲಾಗಬೇಕು ಅಂತಾಯಿತು. ಮುಂದೇನಾಯಿತು ಅಂತ ನಮಗೆ ಯಾರೂ ಹೇಳಬೇಕಿಲ್ಲ. ಹಿಸ್ಸೆ ಮೇಲೆ ಹಿಸ್ಸೆ ಬಿದ್ದು, ಎಕರೆ ಇದ್ದದ್ದು ಗುಂಟೆಗೆ ಬಂತು, ಗುಂಟೆ ಇದ್ದದ್ದು ಸಾಲಿನ ಲೆಕ್ಕಕ್ಕೆ ಬಂತು. ಇವತ್ತು ಆ ಒಂದು ಕ್ಲೋ ದ ವೂಜೋ ತೋಟಕ್ಕೆ ಸುಮಾರು 80 ಮಾಲೀಕರಿದ್ದಾರೆ. ಒಬ್ಬೊಬ್ಬರದೂ ಕೆಲವು ಸಾಲು. ಒಬ್ಬೊಬ್ಬರದೂ ಬೇರೆ ವೈನ್.

ಇದರಿಂದ ಎರಡನೇ ಪಾಠ ಬರುತ್ತದೆ. ಹೊಲದ ಹೆಸರು ಒಂದೇ ಇದ್ದರೂ ಬೆಳೆದವರು ಯಾರು ಅಂತ ನೋಡಲೇಬೇಕು. ಲೇಬಲ್ಲಿನಲ್ಲಿ 'ದೊಮೇನ್' ಅಂತಿದ್ದರೆ ಸಾಮಾನ್ಯವಾಗಿ ಸ್ವಂತ ತೋಟದ ದ್ರಾಕ್ಷಿಯಿಂದ ತಾವೇ ಮಾಡಿದ ವೈನ್. ಬೇರೆಯವರ ದ್ರಾಕ್ಷಿಯನ್ನೋ ವೈನನ್ನೋ ಕೊಂಡು ತಮ್ಮ ಹೆಸರಿನಲ್ಲಿ ಮಾರುವವರಿಗೆ 'ನೆಗೋಸಿಯಾಂ' ಅನ್ನುತ್ತಾರೆ. ಎರಡನೆಯವರು ಕಡಿಮೆ ಅಂತ ತಿಳಿಯಬೇಡಿ, ಬಹಳ ಒಳ್ಳೆಯವರೂ ಇದ್ದಾರೆ. ಆದರೆ ಹೊಲ ಅರ್ಥ ಮಾಡಿಕೊಳ್ಳಬೇಕು ಅಂತ ಮೊದಲ ಸಲ ಹೋಗುವವರು ಸಣ್ಣ ದೊಮೇನಿಗೆ ಹೋಗುವುದೇ ಒಳ್ಳೆಯದು.

ಅಳತೆಯ ಮಾತು ಬಂತಲ್ಲ, ಒಂದು ಚಂದದ ವಿಷಯ ಹೇಳಿಬಿಡುತ್ತೇನೆ. ಅಲ್ಲಿ ದ್ರಾಕ್ಷಿ ತೋಟವನ್ನು ಇವತ್ತಿಗೂ 'ಊವ್ರೇ' ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಾರೆ. ಒಬ್ಬ ಆಳು ಒಂದು ದಿನದಲ್ಲಿ ಗುದ್ದಲಿ ಹಿಡಿದು ಅಗೆಯುವಷ್ಟು ಜಾಗ ಅಂತ ಅರ್ಥ. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆಗಿಂತ ಸ್ವಲ್ಪ ಜಾಸ್ತಿ. ಜಗತ್ತಿನಲ್ಲೇ ಅತಿ ದುಬಾರಿ ವೈನುಗಳಲ್ಲಿ ಒಂದಾದ ರೊಮಾನೇ-ಕೋಂಟಿಯ ಹೊಲ ಎಷ್ಟಿದೆ ಗೊತ್ತಾ? ಸುಮಾರು ನಾಲ್ಕೂವರೆ ಎಕರೆ. ಅಷ್ಟೇ.

ಬೆಳಿಗ್ಗೆ: ಬೋನ್‌ನಿಂದ ಮರ್ಸೋವರೆಗೆ ನಡಿಗೆ

ಈಗ ದಿನದ ಮಾತಿಗೆ ಬರೋಣ. ಪ್ಯಾರಿಸ್ಸಿನಿಂದ ದಿಜೋಂಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಅಲ್ಲಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಬೋನ್ ತಲುಪುತ್ತೀರಿ. ಪ್ಯಾರಿಸ್ಸಿನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಆಗಬಹುದು, ಆದರೆ ಹಿಂದಿನ ರಾತ್ರಿಯೇ ಬೋನ್‌ನಲ್ಲಿ ಉಳಿದರೆ ಬೆಳಗಿನ ಹೊತ್ತು ನಿಮ್ಮದಾಗುತ್ತದೆ. ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಬಿಡಿ. ಫ್ರಾನ್ಸಿನಲ್ಲಿ ಚಾಲಕನ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಮ್ ಆಲ್ಕೋಹಾಲ್ ಇದ್ದರೆ ತಪ್ಪು. ವೈನ್ ನೋಡಲು ಬಂದವರು ಕಾರು ಓಡಿಸುವುದೇ ಬೇಡ. ಬೋನ್‌ನಿಂದ ದಕ್ಷಿಣಕ್ಕೆ ತೋಟಗಳ ನಡುವೆಯೇ ಸೈಕಲ್ ದಾರಿ ಇದೆ, ನಡೆಯಲೂ ಚೆನ್ನ.

ನಾನು ಹೇಳುವ ದಾರಿ ಬೋನ್, ಪೊಮಾರ್, ವೊಲ್ನೇ, ಮರ್ಸೋ. ಎಲ್ಲ ಸೇರಿ ಎಂಟು ಕಿಲೋಮೀಟರ್ ಆಸುಪಾಸು. ನಿಧಾನ ನಡೆದರೂ ಮಧ್ಯಾಹ್ನದ ಊಟಕ್ಕೆ ಮರ್ಸೋ ಸೇರುತ್ತೀರಿ. ವಾಪಸ್ ಬರಲು ಬಸ್ಸು ಕಡಿಮೆ, ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಬೋನ್ ದಾಟುವ ಹೊತ್ತಿಗೆ ಬಲಗಡೆ ಗುಡ್ಡ, ಎಡಗಡೆ ಬಯಲು. ನಡುವೆ ಸೊಂಟದ ಎತ್ತರದ ಬಳ್ಳಿಗಳು. ವಿಜಯಪುರದ ದ್ರಾಕ್ಷಿ ಕಂಡವರಿಗೆ ಇದು ದ್ರಾಕ್ಷಿ ತೋಟ ಅಂತ ಅನಿಸುವುದೇ ಇಲ್ಲ. ನಮ್ಮಲ್ಲಿ ತಲೆಯ ಮೇಲೆ ಚಪ್ಪರ, ಕೆಳಗೆ ಹನಿ ನೀರಾವರಿಯ ಪೈಪು, ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಕೊಂಬೆ ಕತ್ತರಿಸುವುದು. ಇಲ್ಲಿ ಬಳ್ಳಿ ಗಿಡ್ಡ, ಒಂದಕ್ಕೊಂದು ಒಂದು ಮೀಟರ್ ಅಂತರ, ಎಕರೆಗೆ ಸುಮಾರು 4,000 ಬಳ್ಳಿ. ಚಳಿಗಾಲದಲ್ಲಿ ಒಂದೇ ಚಾಟನಿ. ನೀರು ಹಾಯಿಸುವುದಿಲ್ಲ, ಮಳೆ ಬಂದಷ್ಟೇ. ಹಾಗಾಗಿ ಬೇರು ನೀರು ಹುಡುಕಿಕೊಂಡು ಕಲ್ಲಿನ ಸಂದಿಗೆ ಇಳಿಯುತ್ತದೆ.

ಈಗ ಒಂದು ಕಡೆ ನಿಂತು ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ. ದಿನದ ಎಲ್ಲ ಪಾಠ ಈ ಒಂದು ನೋಟದಲ್ಲಿದೆ. ಮೇಲೆ ಕಾಡಿನ ಅಂಚು. ಅಲ್ಲಿ ಮಣ್ಣು ತೆಳು, ಗಾಳಿ ಜಾಸ್ತಿ, ಚಳಿ. ಕೆಳಗೆ ಬಯಲಿನ ಕಡೆ, ಹೆದ್ದಾರಿಯ ಹತ್ತಿರ, ಮಣ್ಣು ಆಳ, ಜೇಡಿ ಹೆಚ್ಚು, ನೀರು ನಿಲ್ಲುತ್ತದೆ. ತಣ್ಣನೆಯ ಗಾಳಿಯೂ ನೀರಿನ ಹಾಗೇ ಕೆಳಗೆ ಹರಿದು ಅಲ್ಲೇ ಕೂರುತ್ತದೆ, ಹಾಗಾಗಿ ವಸಂತದ ಹಿಮ ಕೆಳಗಿನ ಹೊಲಗಳ ಚಿಗುರನ್ನು ಮೊದಲು ಸುಡುತ್ತದೆ. ನಡುವಿನ ಪಟ್ಟಿಯಲ್ಲಿ ಸುಣ್ಣಕಲ್ಲು ಮತ್ತು ಜೇಡಿ ಹದವಾಗಿ ಬೆರೆತಿದೆ. ಮಳೆ ನೀರು ಇಳಿದು ಹೋಗುತ್ತದೆ, ಬೇಕಾದಷ್ಟು ಉಳಿಯುತ್ತದೆ. ಇಳಿಜಾರು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಗ್ರಾಂ ಕ್ರೂ, ಪ್ರೆಮಿಯೇ ಕ್ರೂ ಹೊಲಗಳು ಹೆಚ್ಚಾಗಿ ಇರುವುದು ಈ ನಡು ಪಟ್ಟಿಯಲ್ಲೇ. ಅದರ ಕೆಳಗೆ ಊರಿನ ವೈನಿನ ಹೊಲಗಳು, ಹೆದ್ದಾರಿಯ ಆಚೆಗೆ ಹೆಚ್ಚಾಗಿ ಸೀಮೆಯ ವೈನಿನವು. ನಾಲ್ಕು ದರ್ಜೆಯ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ಗುಡ್ಡದ ಮೇಲೆ ಅದು ಬರೆದಿಟ್ಟಂತೆ ಕಾಣುತ್ತದೆ.

ಹೆಸರುಗಳನ್ನೂ ನೋಡುತ್ತಾ ನಡೆಯಿರಿ. ಬೋನ್ ಊರಿನ ಗಡಿಯಲ್ಲಿ ಕ್ಲೋ ದೆ ಮೂಶ್ ಎಂಬ ಹೊಲ ಇದೆ. ಮೂಶ್ ಅಂದರೆ ನೊಣ. ಆದರೆ ಇಲ್ಲಿ ಹೇಳುತ್ತಿರುವುದು ಜೇನುನೊಣದ ಬಗ್ಗೆ, ಹಿಂದೆ ಅಲ್ಲಿ ಜೇನುಗೂಡುಗಳಿದ್ದವು. ಮುಂದೆ ಪೊಮಾರಿನಲ್ಲಿ ಎಪೆನೋ, ಅಂದರೆ ಮುಳ್ಳುಗಿಡದ ಜಾಗ. ಪೊಮಾರ್ ಊರು ದಾಟಿದರೆ ರುಜಿಯಾಂ. ಈ ಹೆಸರು ಬಂದದ್ದು ಕೆಂಪು ಮಣ್ಣಿನಿಂದ. ಬಗ್ಗಿ ಒಂದು ಹಿಡಿ ನೋಡಿ, ಕಬ್ಬಿಣದ ಅಂಶ ಇರುವ ಮಣ್ಣು, ಬಣ್ಣವೇ ಹೇಳುತ್ತದೆ. ವೊಲ್ನೇ ದಾಟಿದ ಮೇಲೆ ಕೈರೇ, ಅಂದರೆ ಸಣ್ಣ ಕಲ್ಲುಗಳ ಹೊಲ. ಮರ್ಸೋದಲ್ಲಿ ಪೆರಿಯೇರ್, ಕಲ್ಲುಗಣಿ ಇದ್ದ ಜಾಗ. ಎಲ್ಲವೂ ರೈತರು ಇಟ್ಟ ಹೆಸರು. ನಮ್ಮ ಮಡ್ಡಿ, ಎರೆ, ಹುಣಸೆಮರ ಇದ್ದ ಹಾಗೆಯೇ ಅಲ್ವಾ?

ವೊಲ್ನೇ ಮತ್ತು ಮರ್ಸೋ ಗಡಿಯಲ್ಲಿ ಸಾಂತ್ನೋ ಅಂತ ಒಂದು ಹೊಲ ಇದೆ. ಜಾಗ ಮರ್ಸೋ ಊರಿನದು. ಅಲ್ಲಿ ಶಾರ್ಡನೇ ಬೆಳೆದರೆ ವೈನಿಗೆ ಮರ್ಸೋ ಎಂಬ ಹೆಸರು. ಪಿನೋ ನ್ವಾರ್ ಬೆಳೆದರೆ ಅದೇ ಮಣ್ಣಿನ ವೈನ್ ವೊಲ್ನೇ-ಸಾಂತ್ನೋ ಆಗುತ್ತದೆ. ಯಾಕೆ ಅಂದರೆ ವೊಲ್ನೇ ಹೆಸರಿನಲ್ಲಿ ಬರುವುದು ಕೆಂಪು ವೈನ್ ಮಾತ್ರ, ಮರ್ಸೋಗೆ ಬಿಳಿ ವೈನಿನ ಹೆಸರು.

ಮಧ್ಯಾಹ್ನ: ಊಟ, ಸಸ್ಯಾಹಾರಿಗಳಿಗೆ ಒಂದು ಮಾತು

ಊಟದ ವಿಷಯ ಬೇಗ ಮುಗಿಸುತ್ತೇನೆ. ಫ್ರಾನ್ಸಿನ ಹಳ್ಳಿಗಳಲ್ಲಿ ಊಟ ಹನ್ನೆರಡರಿಂದ ಎರಡರ ಒಳಗೆ. ಎರಡಾದ ಮೇಲೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ನೆಲಮಾಳಿಗೆಗಳೂ ಈ ಹೊತ್ತಿನಲ್ಲಿ ಬಾಗಿಲು ಹಾಕುತ್ತವೆ. ಗೂಜೇರ್ ಎಂಬ ಚೀಸ್ ಹಾಕಿದ ಟೊಳ್ಳು ಉಂಡೆ ವೈನಿನ ಜೊತೆ ಬಹಳ ರುಚಿ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಎಪ್ವಾಸ್ ಎಂಬ ಮೆತ್ತನೆಯ ಚೀಸ್ ಈ ಸೀಮೆಯದೇ, ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಶುದ್ಧ ಸಸ್ಯಾಹಾರಿಗಳು ಬೆಳಿಗ್ಗೆಯೇ ಬೋನ್‌ನಲ್ಲಿ ಬ್ರೆಡ್ಡು, ಹಣ್ಣು, ಬೀಜ ಕಟ್ಟಿಸಿಕೊಂಡು ಬಂದು ತೋಟದ ಬದಿಯ ಕಲ್ಲಿನ ಮೇಲೆ ಕುಳಿತು ತಿನ್ನಬಹುದು. ನಾನು ಹಾಗೇ ಮಾಡಿದೆ, ಆ ಊಟ ನನಗೆ ಇನ್ನೂ ನೆನಪಿದೆ.

ವೈನಿನಲ್ಲಿಯೂ ಇದೇ ಪ್ರಶ್ನೆ ಬರುತ್ತದೆ. ಹೊಸ ವೈನ್ ತಿಳಿಯಾಗಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ. ಅದು ಕಸದ ಜೊತೆ ತಳಕ್ಕಿಳಿಯುತ್ತದೆ, ಆಮೇಲೆ ಬೇರ್ಪಡಿಸುತ್ತಾರೆ. ಏನೂ ಹಾಕದೆ ತಾನಾಗಿ ತಿಳಿಯಾಗಲು ಬಿಡುವವರೂ ಇದ್ದಾರೆ. ನಿಮಗೆ ಇದು ಮುಖ್ಯವಾದರೆ ಸಂಕೋಚ ಇಲ್ಲದೆ ಕೇಳಿ. ಬೆಳೆಗಾರರು ಬೇಸರ ಮಾಡಿಕೊಳ್ಳುವುದಿಲ್ಲ, ತಮ್ಮ ಕೆಲಸದ ಬಗ್ಗೆ ಕೇಳಿದರು ಅಂತ ಖುಷಿಯೇ ಪಡುತ್ತಾರೆ.

ನೆಲಮಾಳಿಗೆಯಲ್ಲಿ

ಸಣ್ಣ ದೊಮೇನಿಗೆ ಹೇಳದೆ ಕೇಳದೆ ಹೋಗಬೇಡಿ. ಅದು ಒಂದು ಕುಟುಂಬದ ಮನೆ. ಎರಡು ಮೂರು ವಾರ ಮೊದಲು ಇಮೇಲ್ ಬರೆದು ಸಮಯ ಕೇಳಿ. ಹೋದ ತಕ್ಷಣ ಬೋಂಜೂರ್ ಹೇಳಿ, ಆಮೇಲೆ ಬೇರೆ ಮಾತು. ನಮ್ಮಲ್ಲಿ ಮನೆಗೆ ಬಂದವರು ನಮಸ್ಕಾರ ಹೇಳದೆ ಸೀದಾ ವಿಷಯಕ್ಕೆ ಬಂದರೆ ಹೇಗೆ ಅನಿಸುತ್ತದೋ ಅವರಿಗೂ ಹಾಗೇ.

ಕೆಳಗೆ ಇಳಿದರೆ ತಂಪು. ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆ, ಗಾಳಿಯಲ್ಲಿ ತೇವ, ಗೋಡೆಯ ಮೇಲೆ ಕಪ್ಪು ಬೂಷ್ಟು. ಸಾಲಾಗಿ ಓಕ್ ಮರದ ಪೀಪಾಯಿಗಳು, ಒಂದೊಂದರಲ್ಲಿ 228 ಲೀಟರ್. ಮರದ ಮೂಲಕ ವೈನ್ ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಸೇರಿದರೆ ವೈನ್ ಹುಳಿತು ಕೆಡುತ್ತದೆ, ಹಾಗಾಗಿ ಆಗಾಗ ಮೇಲಿನವರೆಗೆ ತುಂಬಿಸುತ್ತಿರಬೇಕು.

ಅದೃಷ್ಟ ಇದ್ದರೆ ಗಾಜಿನ ಕೊಳವೆಯಿಂದ ಪೀಪಾಯಿಯ ವೈನನ್ನೇ ಎತ್ತಿ ಲೋಟಕ್ಕೆ ಬಿಡುತ್ತಾರೆ. ಚಳಿಗಾಲದಲ್ಲಿ ಹೋದರೆ ಆ ವೈನ್ ಹಸಿ ಸೇಬಿನ ಹಾಗೆ ಹುಳಿಹುಳಿ. ವಸಂತಕ್ಕೆ ಅದೇ ಪೀಪಾಯಿಯ ವೈನ್ ಮೆತ್ತಗಾಗಿರುತ್ತದೆ. ನಡುವೆ ನಡೆದದ್ದು ನಮ್ಮ ಅಡುಗೆಮನೆಯ ಕೆಲಸವೇ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಬಳಗದವೇ ವೈನಿನ ಒಳಗೂ ಕೆಲಸ ಮಾಡಿ, ಸೇಬಿನ ಚೂಪು ಹುಳಿಯನ್ನು ಮೊಸರಿನ ಮೆತ್ತನೆ ಹುಳಿಯಾಗಿ ಬದಲಾಯಿಸುತ್ತವೆ. ಮರ್ಸೋದ ಬಿಳಿ ವೈನಿನಲ್ಲಿ ಬೆಣ್ಣೆಯ ವಾಸನೆ ಬರುತ್ತದೆ ಅಂತಾರಲ್ಲ, ಅದರ ಒಂದು ಕಾರಣ ಇದೇ.

ರುಚಿ ನೋಡುವ ಕ್ರಮ ಹೇಳುತ್ತೇನೆ. ಲೋಟವನ್ನು ಕೆಳಗಿನ ಕಡ್ಡಿಯಲ್ಲಿ ಹಿಡಿಯಿರಿ. ಮೊದಲು ಅಲ್ಲಾಡಿಸದೆ ಮೂಸಿ. ಆಮೇಲೆ ಸುತ್ತ ಒಮ್ಮೆ ತಿರುಗಿಸಿ ಮತ್ತೆ ಮೂಸಿ, ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಚಮಚದಷ್ಟು ಬಾಯಿಗೆ ಹಾಕಿಕೊಂಡು ನಾಲಿಗೆಯ ಎಲ್ಲ ಕಡೆ ಹರಡಿ. ಮೂರು ವಿಷಯ ಗಮನಿಸಿ. ಬಾಯಲ್ಲಿ ನೀರು ಬರುತ್ತದಾ? ಅದು ಹುಳಿ. ವಸಡು, ಕೆನ್ನೆಯ ಒಳಗೆ ಒಣಗಿದ ಹಾಗೆ ಹಿಡಿಯುತ್ತದಾ? ಅದು ಒಗರು. ನುಂಗಿದ ಮೇಲೆ, ಅಥವಾ ಉಗಿದ ಮೇಲೆ, ರುಚಿ ಎಷ್ಟು ಹೊತ್ತು ಉಳಿಯುತ್ತದೆ? ಮೂರನೆಯದೇ ದೊಡ್ಡ ಗುರುತು. ಸೀಮೆಯ ವೈನ್ ಬೇಗ ಮಾಯ, ಒಳ್ಳೆಯ ಪ್ರೆಮಿಯೇ ಕ್ರೂ ಬಹಳ ಹೊತ್ತು ಬಾಯಲ್ಲೇ ಇರುತ್ತದೆ.

ಒಗರು ಅನ್ನುವ ಪದ ನಮ್ಮ ಹತ್ತಿರ ಇರುವುದು ದೊಡ್ಡ ಅನುಕೂಲ. ಅಡಿಕೆ, ನೇರಳೆ ಹಣ್ಣು, ಎಳೆ ಬಾಳೆಕಾಯಿ ತಿಂದು ಬೆಳೆದವರಿಗೆ ಒಗರಿನಲ್ಲಿ ಎಷ್ಟು ಬಗೆ ಅಂತ ನಾಲಿಗೆಗೇ ಗೊತ್ತು. ಕೆಂಪು ವೈನಿನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜ, ಕಡ್ಡಿಯಿಂದ ಬರುತ್ತದೆ. ಪಿನೋ ನ್ವಾರ್ ಸಿಪ್ಪೆ ತೆಳು, ಹಾಗಾಗಿ ಒಗರು ಕಡಿಮೆ, ಬಣ್ಣವೂ ತಿಳಿ. ಆದರೂ ಪೊಮಾರ್ ಮತ್ತು ವೊಲ್ನೇ ಪಕ್ಕಪಕ್ಕ ಇಟ್ಟು ನೋಡಿ. ಜೇಡಿ, ಕಬ್ಬಿಣದ ಮಣ್ಣಿನ ಪೊಮಾರ್ ಗಟ್ಟಿ, ಒಗರು ಎದ್ದು ಕಾಣುತ್ತದೆ. ಸುಣ್ಣಕಲ್ಲು ಹೆಚ್ಚಿರುವ ವೊಲ್ನೇ ನಯ. ಇದು ಅಲ್ಲಿನವರು ತಲೆತಲಾಂತರದಿಂದ ಹೇಳುವ ಮಾತು. ಎರಡೂ ಊರು ಒಂದೂವರೆ ಕಿಲೋಮೀಟರ್ ಅಂತರದಲ್ಲಿವೆ, ಬೆಳಿಗ್ಗೆ ನೀವು ನಡೆದು ಬಂದ ದಾರಿಯೇ. ಬೆಳೆಗಾರನ ಕೈ, ಆ ವರ್ಷದ ಹವೆ ಇವೂ ರುಚಿಯನ್ನು ಬದಲಾಯಿಸುತ್ತವೆ ನಿಜ. ಅದಕ್ಕೇ ಒಬ್ಬನೇ ಬೆಳೆಗಾರ, ಒಂದೇ ವರ್ಷ, ಬೇರೆ ಬೇರೆ ಹೊಲ ಅಂತ ಕೇಳಿ ರುಚಿ ನೋಡಬೇಕು. ಕೈ ಒಂದೇ, ಮಳೆ ಒಂದೇ, ದ್ರಾಕ್ಷಿ ಒಂದೇ ಇರುವಾಗ ಉಳಿಯುವುದು ಹೊಲದ ವ್ಯತ್ಯಾಸ. ದಿನಕ್ಕೆ ಐದು ನೆಲಮಾಳಿಗೆ ಬೇಡ, ಒಂದು ಅಥವಾ ಎರಡು ಸಾಕು ಅಂತ ನಾನು ಒತ್ತಿ ಹೇಳುವುದು ಇದಕ್ಕೆ.

ಬಹಳ ಕಡೆ ಇಲ್ಲಿ ಮೊದಲು ಕೆಂಪು, ಆಮೇಲೆ ಬಿಳಿ ಕೊಡುತ್ತಾರೆ. ಬೇರೆ ಕಡೆ ಉಲ್ಟಾ ಇರುತ್ತದೆ. ಬಿಳಿಯ ಹುಳಿ ಬಾಯಿಯನ್ನು ತೊಳೆದ ಹಾಗೆ ಮಾಡುತ್ತದೆ ಅನ್ನುವುದು ಅವರ ಲೆಕ್ಕ. ಇನ್ನು ಉಗಿಯುವುದು. ನಮಗೆ ಇದು ಸಂಕೋಚದ ವಿಷಯ, ಕೊಟ್ಟದ್ದನ್ನು ಉಗಿದರೆ ಅವಮಾನ ಅನಿಸುತ್ತದೆ. ಇಲ್ಲಿ ಹಾಗಿಲ್ಲ. ಉಗಿಯಲು ಪಾತ್ರೆ ಇಟ್ಟಿರುತ್ತಾರೆ, ಬೆಳೆಗಾರರೂ ಉಗಿಯುತ್ತಾರೆ. ಉಗಿದವನು ಕೆಲಸ ಗೊತ್ತಿರುವವನು ಅಂತಲೇ ಲೆಕ್ಕ.

ಸಂಜೆ ಬೋನ್‌ನಲ್ಲಿ

ಬೋನ್‌ಗೆ ಬೇಗ ವಾಪಸ್ ಬಂದರೆ ಒತೆಲ್-ದ್ಯು ನೋಡಿ. ಬಣ್ಣದ ಹೆಂಚಿನ ಚಾವಣಿಯ ಹಳೆಯ ಆಸ್ಪತ್ರೆ. 1443ರಲ್ಲಿ ಡ್ಯೂಕನ ಮಂತ್ರಿ ನಿಕೊಲಾ ರೊಲ್ಯಾಂ ಮತ್ತು ಹೆಂಡತಿ ಗಿಗೋನ್ ದ ಸಾಲ್ಯಾಂ ಬಡವರಿಗಾಗಿ ಕಟ್ಟಿಸಿದ್ದು. ಯುದ್ಧ, ಹಸಿವು, ರೋಗದಿಂದ ಊರು ನಲುಗಿದ್ದ ಕಾಲ ಅದು. ಆಸ್ಪತ್ರೆ ನಡೆಯಲಿ ಅಂತ ಜನ ಶತಮಾನಗಟ್ಟಲೆ ದ್ರಾಕ್ಷಿ ತೋಟಗಳನ್ನು ದಾನ ಕೊಟ್ಟರು, ನಮ್ಮಲ್ಲಿ ಗುಡಿಗೆ, ಛತ್ರಕ್ಕೆ ದತ್ತಿ ಬಿಟ್ಟ ಹಾಗೆ. ಆ ತೋಟಗಳು ಇವತ್ತಿಗೂ ಆಸ್ಪತ್ರೆಯವೇ. ಅದರ ವೈನನ್ನು 1859ರಿಂದ ಹರಾಜು ಹಾಕುತ್ತಾ ಬಂದಿದ್ದಾರೆ, ನವೆಂಬರಿನ ಮೂರನೇ ಭಾನುವಾರ, ಪೀಪಾಯಿ ಲೆಕ್ಕದಲ್ಲಿ. ದುಡ್ಡು ಆಸ್ಪತ್ರೆಗೆ. ಆ ವಾರ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮು ಸಿಗುವುದಿಲ್ಲ.

ಯಾವಾಗ ಹೋಗಬೇಕು? ಮೇ, ಜೂನ್ ಒಳ್ಳೆಯದು. ಕೊಯ್ಲಿನ ಹೊತ್ತು ನೋಡಲು ಚಂದ, ಆದರೆ ಬೆಳೆಗಾರರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ. ಕೊಯ್ಲು ಯಾವಾಗ ಅಂತ ಹೇಳುವುದೂ ಈಗ ಕಷ್ಟ. ಬೋನ್ ಊರಿನಲ್ಲಿ ಕೊಯ್ಲು ಶುರುವಾದ ದಿನಾಂಕಗಳ ಲೆಕ್ಕ 1354ರಿಂದ ಸಿಗುತ್ತದೆ. ಅದನ್ನು ಜೋಡಿಸಿ ನೋಡಿದವರಿಗೆ ಕಂಡದ್ದು, 1988ರಿಂದ ಈಚೆಗೆ ಕೊಯ್ಲು ಮೊದಲಿಗಿಂತ ಸರಾಸರಿ 13 ದಿನ ಮುಂಚೆ ಬರುತ್ತಿದೆ. ಮೊದಲೆಲ್ಲ ಸೆಪ್ಟೆಂಬರ್ ಕೊನೆ, ಈಗ ಕೆಲವು ವರ್ಷ ಆಗಸ್ಟಿನಲ್ಲೇ. ಚಳಿಗಾಲ ಬೆಚ್ಚಗಾಗಿ ಚಿಗುರು ಬೇಗ ಬರುತ್ತದೆ, ಆಮೇಲೆ ಏಪ್ರಿಲ್ ಹಿಮ ಬಂದು ಆ ಚಿಗುರನ್ನು ಸುಡುತ್ತದೆ. 2021ರ ಏಪ್ರಿಲ್‌ನಲ್ಲಿ ರಾತ್ರಿಯಿಡೀ ಸಾಲುಗಳ ನಡುವೆ ದೊಡ್ಡ ಮೇಣದ ದೀಪ ಹಚ್ಚಿಟ್ಟು ಕಾದರೂ ಬಹಳ ಜನ ಬೆಳೆ ಕಳೆದುಕೊಂಡರು. ಇಷ್ಟು ಸೂಕ್ಷ್ಮವಾಗಿ ಹೊಲ ಹೊಲಕ್ಕೂ ಹೊಂದಿಸಿಟ್ಟ ಈ ಲೆಕ್ಕವೆಲ್ಲ ಹವೆ ಬದಲಾದರೆ ಏನಾಗುತ್ತದೆ ಅನ್ನುವ ಚಿಂತೆ ಅಲ್ಲಿ ಪ್ರತಿ ಮನೆಯಲ್ಲೂ ಇದೆ. ಮಳೆ ನಂಬಿದ ರೈತರ ಮನೆಯವರಿಗೆ ಅದನ್ನು ವಿವರಿಸಬೇಕಿಲ್ಲ.

ಕೊನೆಗೆ ಬಾಟಲಿ ತರುವ ವಿಷಯ. ರುಚಿ ನೋಡಲು ದುಡ್ಡು ತೆಗೆದುಕೊಳ್ಳದ ಮನೆಯಲ್ಲಿ ಒಂದೆರಡು ಬಾಟಲಿ ಕೊಳ್ಳುವುದು ಮರ್ಯಾದೆ. ಭಾರತಕ್ಕೆ ಬರುವವರು ಸುಂಕ ಇಲ್ಲದೆ ತಲೆಗೆ ಎರಡು ಲೀಟರ್ ತರಬಹುದು. ಮುಕ್ಕಾಲು ಲೀಟರಿನ ಬಾಟಲಿ ಎರಡು ಆಗುತ್ತವೆ, ಮೂರನೆಯದು ಮಿತಿ ದಾಟುತ್ತದೆ. ಕೈ ಚೀಲದಲ್ಲಿ ಬಿಡುವುದಿಲ್ಲ, ಬಟ್ಟೆ ಸುತ್ತಿ ದೊಡ್ಡ ಸೂಟ್‌ಕೇಸಿನ ನಡುವೆ ಇಡಿ.

ಯಾವ ಎರಡು? ನನ್ನನ್ನು ಕೇಳಿದರೆ, ಒಬ್ಬನೇ ಬೆಳೆಗಾರನ, ಒಂದೇ ವರ್ಷದ ಎರಡು ಬಾಟಲಿ: ಒಂದು ಬರೀ ವೊಲ್ನೇ, ಇನ್ನೊಂದು ವೊಲ್ನೇ ಪ್ರೆಮಿಯೇ ಕ್ರೂ ಕೈರೇ. ಮನೆಗೆ ಬಂದ ಮೇಲೆ ಬೇರೆ ಬೇರೆ ದಿನ ತೆಗೆಯಬೇಡಿ. ನಾಲ್ಕು ಜನ ಸ್ನೇಹಿತರು ಸೇರಿದ ದಿನ ಎರಡನ್ನೂ ಒಟ್ಟಿಗೆ ತೆಗೆಯಿರಿ. ಪಿನೋ ನ್ವಾರ್ 15 ಡಿಗ್ರಿಯ ಹತ್ತಿರ ಚೆನ್ನಾಗಿರುತ್ತದೆ, ನಮ್ಮ ಮನೆಯ ಶೆಕೆಗೆ ಸೊರಗುತ್ತದೆ. ಹಾಗಾಗಿ ಮುಕ್ಕಾಲು ಗಂಟೆ ಮೊದಲು ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆಯಿರಿ. ಎರಡು ಲೋಟ ಪಕ್ಕಪಕ್ಕ ಇಟ್ಟು, ಯಾವುದು ಯಾವುದು ಅಂತ ಹೇಳದೆ ಎಲ್ಲರಿಗೂ ಕೊಡಿ. ಯಾವುದು ಬಾಯಲ್ಲಿ ಜಾಸ್ತಿ ಹೊತ್ತು ಉಳಿಯಿತು ಅಂತ ಕೇಳಿ. ಆಮೇಲೆ ಫೋನಿನಲ್ಲಿ ಆ ಗುಡ್ಡದ ಫೋಟೋ ತೋರಿಸಿ, ಈ ಕಲ್ಲಿನ ಹೊಲ ಇಲ್ಲಿದೆ ಅಂತ ಬೆರಳಿಟ್ಟು ಹೇಳಿ.